ಯಂತ್ರ ಕೊಟ್ಟರು, ರಿಪೇರಿಯ ಕೈ ಕೊಡಲಿಲ್ಲ

ಕೃಷಿ ಯಾಂತ್ರೀಕರಣದ ಹೆಸರಿನಲ್ಲಿ ಈ ರಾಜ್ಯ ಒಂದು ದಶಕಕ್ಕೂ ಮೇಲ್ಪಟ್ಟು ಮಾಡಿಕೊಂಡು ಬಂದಿರುವುದು ಅರ್ಧ ಕೆಲಸ. ಯಂತ್ರ ಕೊಂಡಿದೆ, ಹಂಚಿದೆ, ಬಾಡಿಗೆಗೆ ಬಿಟ್ಟಿದೆ. ಆ ಯಂತ್ರ ಗದ್ದೆಯ ನಡುವೆ ಕೆಟ್ಟು ನಿಂತಾಗ ಬಾನೆಟ್ ಎತ್ತಿ ದೋಷ ಹುಡುಕಬಲ್ಲ ಹುಡುಗರನ್ನು ತಯಾರು ಮಾಡುವ ಹೊಣೆಯನ್ನು ಮಾತ್ರ ಯಾರೂ ಹೊತ್ತಿಲ್ಲ. ಮೈಸೂರಿನಂಥ ನಗರದಲ್ಲಿ, ಸುತ್ತಲೂ ನಾಲೆ ನೀರಿನ ಗದ್ದೆ, ಒಳಗೆ ಎಂಜಿನ್ ತಯಾರಿಸುವ ಕಾರ್ಖಾನೆ, ಎಂಜಿನಿಯರಿಂಗ್ ಕಾಲೇಜು, ಐಟಿಐ ಎಲ್ಲವೂ ಇರುವ ಕಡೆಯಲ್ಲಿ ಇದು ಅಚಾತುರ್ಯವಲ್ಲ, ಉದಾಸೀನ. ಟ್ರ್ಯಾಕ್ಟರ್, ಟಿಲ್ಲರ್, ಕಟಾವು ಯಂತ್ರಗಳ ಡೀಸೆಲ್ ಮೆಕ್ಯಾನಿಕ್‌ಗಳನ್ನು ರೂಪಿಸುವ ವಿಷಯದಲ್ಲಿ ಕೃಷಿ ಇಲಾಖೆಯೂ ಕೌಶಲ್ಯಾಭಿವೃದ್ಧಿ ಇಲಾಖೆಯೂ ಯಂತ್ರ ಮಾರುವ ಕಂಪನಿಗಳೂ ಒಟ್ಟಾಗಿ ನಪಾಸಾಗಿವೆ. ಅದರ ದಂಡವನ್ನು ರೈತ ತೆರುತ್ತಿದ್ದಾನೆ.

ಯಂತ್ರಕ್ಕೆ ಹಣ ಹರಿದ ಲೆಕ್ಕ ನೋಡಿ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014–15ರಲ್ಲಿ ಶುರುವಾಯಿತು. ಅದೇ ವರ್ಷ ಕರ್ನಾಟಕ ಸರ್ಕಾರ ಕೃಷಿ ಯಂತ್ರಧಾರೆ ಯೋಜನೆಯಡಿ ಹೋಬಳಿ ಮಟ್ಟದಲ್ಲಿ ಬಾಡಿಗೆ ಯಂತ್ರಗಳ ಕೇಂದ್ರ ತೆರೆಯಲು ಹೊರಟಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯಂಥ ಸಂಸ್ಥೆಗಳಿಗೂ ಟ್ರ್ಯಾಕ್ಟರ್ ಕಂಪನಿಗಳಿಗೂ ಕೇಂದ್ರಗಳನ್ನು ವಹಿಸಿತು. 2023ರ ಬಜೆಟ್ಟಿನಲ್ಲಿ ಕಟಾವು ಯಂತ್ರಗಳ ಹೈಟೆಕ್ ಹಬ್‌ಗಳ ಘೋಷಣೆಯೂ ಬಂತು. ಸ್ವಂತಕ್ಕೆ ಕೊಳ್ಳುವ ಸಾಮಾನ್ಯ ವರ್ಗದ ರೈತನಿಗೆ ಶೇ 50ರವರೆಗೆ, ಪರಿಶಿಷ್ಟ ಜಾತಿ, ಪಂಗಡದ ರೈತರಿಗೆ ಶೇ 90ರವರೆಗೆ ಸಹಾಯಧನವಿದೆ. ದೇಶದಲ್ಲಿ ವರ್ಷಕ್ಕೆ ಒಂಬತ್ತು ಲಕ್ಷದ ಆಸುಪಾಸಿನಲ್ಲಿ ಟ್ರ್ಯಾಕ್ಟರ್ ಮಾರಾಟವಾಗುತ್ತವೆ. ಹೆಚ್ಚುಕಮ್ಮಿ ಎಲ್ಲವೂ ಡೀಸೆಲ್ ಎಂಜಿನ್ನಿನವು.

ಈ ಯಾವುದನ್ನೂ ನಾವು ಆಕ್ಷೇಪಿಸುವುದಿಲ್ಲ. ಕೂಲಿಯಾಳು ಸಿಗದ ಕಾಲದಲ್ಲಿ ಯಂತ್ರ ಬೇಕು, ಸಣ್ಣ ಹಿಡುವಳಿದಾರನಿಗೆ ಅದು ಬಾಡಿಗೆಗೆ ಸಿಗಬೇಕು, ಬಡವನಿಗೆ ಸಹಾಯಧನ ಸಲ್ಲಬೇಕು. ಆಕ್ಷೇಪ ಇರುವುದು ಮುಂದಿನ ಹೆಜ್ಜೆಗೆ. ಶೇ 90ರ ಸಹಾಯಧನದಲ್ಲಿ ಟಿಲ್ಲರ್ ಪಡೆದ ರೈತ, ಅದು ಕೆಟ್ಟ ದಿನದಿಂದ ರಿಪೇರಿಯ ಪೂರ್ತಿ ಖರ್ಚನ್ನು ತಾನೇ ಹೊರುತ್ತಾನೆ. ಮೆಕ್ಯಾನಿಕ್ಕನ್ನು ಊರೂರು ಹುಡುಕುತ್ತಾನೆ, ಸಿಕ್ಕವನು ಹೇಳಿದ ಬಿಡಿಭಾಗ ತರುತ್ತಾನೆ, ಸರಿಹೋಗದಿದ್ದರೆ ಇನ್ನೊಬ್ಬನನ್ನು ಹುಡುಕುತ್ತಾನೆ. ಹಸು ಕೊಡಿಸಿ ಮೇವಿನ ಮಾತೆತ್ತದ ಧರ್ಮ ಇದು. ಯಂತ್ರ ಮಾರಿದವನಿಗೆ ಸಹಾಯಧನದ ಹಣ ಪೂರ್ತಿ ಸಂದಾಯವಾಗಿರುತ್ತದೆ. ಯಂತ್ರ ಎಷ್ಟು ವರ್ಷ ದುಡಿಯಿತು ಎಂಬ ಪ್ರಶ್ನೆ ಕೇಳುವವರಿಲ್ಲ. ಕೊಟ್ಟ ಯಂತ್ರಗಳ ಸಂಖ್ಯೆಯೇ ಸಾಧನೆಯ ಅಳತೆಯಾದ ಕಡೆ, ನಿಂತ ಯಂತ್ರಗಳ ಸಂಖ್ಯೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಯಂತ್ರ ನಿಲ್ಲುವುದೆಂದರೆ ಏನೆಂಬುದು ಕಬಿನಿ, ವರುಣಾ ನಾಲೆಗಳ ಅಚ್ಚುಕಟ್ಟಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ನಂಜನಗೂಡು, ತಿ. ನರಸೀಪುರ ಕಡೆಗಳಲ್ಲಿ ನಾಟಿ ಒಮ್ಮೆಲೇ ಏರುತ್ತದೆ. ಡಿಸೆಂಬರ್–ಜನವರಿಯಲ್ಲಿ ಕಟಾವೂ ಒಮ್ಮೆಲೇ ಬರುತ್ತದೆ. ಇಡೀ ಸೀಮೆಯ ಭತ್ತ ಕೆಲವೇ ವಾರಗಳಲ್ಲಿ ಮಾಗುತ್ತದೆ. ಎಲ್ಲರಿಗೂ ಯಂತ್ರ ಅದೇ ವಾರದಲ್ಲಿ ಬೇಕು. ಆಗ ಕಟಾವು ಯಂತ್ರದ ಒಂದು ಬೆಲ್ಟ್ ಹರಿದರೆ, ಒಂದು ಬೇರಿಂಗ್ ಸಿಕ್ಕಿಕೊಂಡರೆ, ಹೈಡ್ರಾಲಿಕ್ ಹೋಸ್ ಒಡೆದರೆ, ಸಾಲಿನಲ್ಲಿ ಕಾಯುತ್ತಿರುವ ಹತ್ತಾರು ರೈತರ ದಿನ ಹಾಳಾಗುತ್ತದೆ. ಮಾಗಿದ ತೆನೆ ಉದುರುತ್ತದೆ, ಅಕಾಲದ ಮೋಡ ಕವಿದರೆ ಪೈರು ಮಲಗುತ್ತದೆ, ನೆನೆದ ಹುಲ್ಲು ದನಕ್ಕೂ ಆಗುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಕ್ಕೂ ಹೆಗ್ಗಡದೇವನಕೋಟೆಯ ರಾಗಿ, ಜೋಳ, ಹತ್ತಿಯ ಹೊಲಕ್ಕೂ ಹದ ತಪ್ಪುವ ಮುನ್ನ ರೋಟವೇಟರ್ ಇಳಿಯಬೇಕು. ಅಲ್ಲಿಯೂ ಲೆಕ್ಕ ಇಷ್ಟೇ ಬಿಗಿ. ಬೇಸಾಯದಲ್ಲಿ ಮೆಕ್ಯಾನಿಕ್ ಎರಡು ದಿನ ತಡವಾಗಿ ಬಂದರೆ ಬಾರದಿದ್ದಂತೆಯೇ.

ನಮ್ಮ ಹಳ್ಳಿಗಳಿಗೆ ಈ ಸತ್ಯ ಹೊಸದೇನಲ್ಲ. ನೇಗಿಲಿನ ಕಾಲದಲ್ಲಿ ಕಮ್ಮಾರ, ಬಡಗಿ ಇಬ್ಬರೂ ಊರಿನ ಆಯಗಾರರು. ಗುಳ ಹದ ಹಾಕುವುದು, ನೊಗ ಕೆತ್ತುವುದು, ಗಾಡಿಗೆ ಪಟ್ಟೆ ಹಾಕುವುದು ಅವರ ಹೊಣೆ. ಸುಗ್ಗಿಯಲ್ಲಿ ಕಣದಿಂದಲೇ ಅವರಿಗೆ ಆಯ ಸಲ್ಲುತ್ತಿತ್ತು. ಆ ವ್ಯವಸ್ಥೆ ಜಾತಿಯ ಕಟ್ಟಿಗೆ ಬಿಗಿದದ್ದು. ಅದನ್ನು ಮರಳಿ ತರಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ಉಪಕರಣ ಇದ್ದ ಕಡೆ ಅದನ್ನು ದುರಸ್ತಿ ಮಾಡುವವನ ಹೊಟ್ಟೆಪಾಡಿನ ಲೆಕ್ಕವೂ ಇರಬೇಕೆಂಬ ತಿಳಿವು ಆ ಊರಿಗಿತ್ತು. ಇಂದಿನ ಯೋಜನಾಕಾರರಿಗೆ ಅಷ್ಟೂ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳಿಗೆ ತರಬೇತಿ, 15,000 ರೂಪಾಯಿಯ ಸಲಕರಣೆ ನೆರವು, ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಕಮ್ಮಾರ ಆ ಪಟ್ಟಿಯಲ್ಲಿದ್ದಾನೆ. ಇರಲೇಬೇಕು. ಕಮ್ಮಾರನ ಕೆಲಸವನ್ನು ಇಂದು ಹೊಲದಲ್ಲಿ ಮುಂದುವರಿಸುತ್ತಿರುವ ಟ್ರ್ಯಾಕ್ಟರ್ ಮೆಕ್ಯಾನಿಕ್ ಮಾತ್ರ ಅಲ್ಲಿಲ್ಲ.

ಆ ಮೆಕ್ಯಾನಿಕ್ಕಿನ ಕೆಲಸ ಎಂಥದು ಎಂಬ ಕಲ್ಪನೆ ವಿಧಾನಸೌಧದ ಮೇಜಿಗೆ ಇದ್ದಂತಿಲ್ಲ. ಹಳೆಯ ಡೀಸೆಲ್ ಎಂಜಿನ್ ಒಂದು ಪ್ರಾಮಾಣಿಕ ವಸ್ತು. ಕಾಯಿಲೆಯನ್ನು ಹೊಗೆಯಲ್ಲೇ ಹೇಳಿಬಿಡುತ್ತಿತ್ತು. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ. ನೀಲಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗೋ ಲೈನರೋ ಸವೆದಿದೆ. ಬಿಳಿ ಬಂದರೆ ಡೀಸೆಲ್ ಉರಿಯದೆ ಹೊರಗೆ ಹೋಗುತ್ತಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗಿಳಿದಿದೆ. ಏರ್ ಲಾಕ್ ಆದರೆ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಗಾಳಿ ಬಿಟ್ಟರೆ ಗಾಡಿ ಸ್ಟಾರ್ಟ್. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರೇ ಇಂಧನ ಪಂಪಿಗೆ ಅಂಟಿಕೊಂಡು, 'ಮೈಕೋ ಪಂಪು' ಎಂದರೆ ಗ್ಯಾರೇಜಿನ ಹುಡುಗನಿಗೂ ಗೊತ್ತಾಗುವಂತಾಯಿತು. ಆ ಎಂಜಿನ್ನನ್ನು ಮಿಸ್ತ್ರಿಯ ಪಕ್ಕದಲ್ಲಿ ನಾಲ್ಕಾರು ವರ್ಷ ಸ್ಪ್ಯಾನರ್ ಹಿಡಿದು ನಿಂತೇ ಕಲಿಯಬಹುದಿತ್ತು. ಹಲವರು ಹಾಗೆಯೇ ಕಲಿತರು. ಇವತ್ತಿಗೂ ಹಳ್ಳಿಗಳ ಬೇಸಾಯ ನಡೆಯುತ್ತಿರುವುದು ಅವರ ದಯೆಯಿಂದ.

ಇನ್ನು ಮುಂದೆ ಆ ದಾರಿಯೊಂದೇ ಸಾಲದು. 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಟ್ರೆಮ್–4 ಹೊಗೆ ನಿಯಮ ಜಾರಿಗೆ ಬಂದಿದೆ. ರಸ್ತೆ ವಾಹನಗಳಿಗೆ ಬಿಎಸ್–6 ಬಂದದ್ದು 2020ರ ಏಪ್ರಿಲ್ 1ರಿಂದ. ಇವುಗಳ ಎಂಜಿನ್ನುಗಳಲ್ಲಿ ಕಾಮನ್ ರೈಲ್ ಎಂಬ ಅಧಿಕ ಒತ್ತಡದ ಇಂಧನ ವ್ಯವಸ್ಥೆ, ಸೆನ್ಸರ್, ಕಂಪ್ಯೂಟರ್ ಪೆಟ್ಟಿಗೆ, ಹೊಗೆ ಸೋಸುವ ಉಪಕರಣಗಳು ಬಂದು ಕೂತಿವೆ. ಹಳೆಯ ಇಂಜೆಕ್ಟರ್ ನಾಝಲ್ 200 ಬಾರ್ ಒತ್ತಡದ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತಿತ್ತು. ಕಾಮನ್ ರೈಲಿನಲ್ಲಿ ಒತ್ತಡ 1,600 ಬಾರ್‌ವರೆಗೂ ಏರುತ್ತದೆ. ಎಂಜಿನ್ ಓಡುತ್ತಿರುವಾಗ ಅಭ್ಯಾಸಬಲದಿಂದ ಅದರ ಇಂಧನ ಪೈಪಿನ ನಟ್ ಸಡಿಲಿಸಿದರೆ, ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಿದರೆ, ಡೀಸೆಲ್ ಚರ್ಮ ಸೀಳಿ ಒಳನುಗ್ಗುತ್ತದೆ. ಗಾಯ ಹೊರಗೆ ಸಣ್ಣದಾಗಿ ಕಂಡರೂ ಬೆರಳೇ ಹೋಗುವ ಅಪಾಯ ಅದು. ಸ್ಕ್ಯಾನರ್ ಹಾಕದೆ ಇಂಥ ಎಂಜಿನ್ನಿನ ದೋಷ ಓದಲು ಬರುವುದಿಲ್ಲ. ಗ್ಯಾರೇಜಿನ ಮಿಸ್ತ್ರಿಗೆ ಅದನ್ನು ಯಾರೂ ಕಲಿಸಿಲ್ಲ. ಮಾರಾಟದ ಟ್ರ್ಯಾಕ್ಟರುಗಳಲ್ಲಿ ಬಹುಪಾಲು 50 ಅಶ್ವಶಕ್ತಿಗೆ ಒಳಗಿನವೇ ಆಗಿರುವುದರಿಂದ ನಮಗೆ ಸ್ವಲ್ಪ ಕಾಲಾವಕಾಶವಿದೆ. ಆ ಅವಕಾಶವನ್ನು ನಿದ್ದೆಯಲ್ಲಿ ಕಳೆಯುತ್ತಿದ್ದೇವೆ.

ಎಂಜಿನ್ ಒಂದೇ ಅಲ್ಲ. ಟ್ರ್ಯಾಕ್ಟರಿನ ಹಿಂದೆ, ಜೋಡಿಸಿದ ಉಪಕರಣವನ್ನು ತಿರುಗಿಸುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಪಂಚೆಯ ಅಂಚು, ಸೀರೆಯ ಸೆರಗು ಸಿಕ್ಕಿಕೊಂಡರೆ ಕೂಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಗೋಳು ಎಷ್ಟಿತ್ತೆಂದರೆ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನೇ ತರಬೇಕಾಯಿತು. ಕಾಯ್ದೆ ಪುಸ್ತಕದಲ್ಲಿದೆ. ಹೊಲದಲ್ಲಿ ರಿಪೇರಿಗೆಂದು ಬಿಚ್ಚಿದ ರಕ್ಷಾಕವಚ ಮತ್ತೆ ಕೂರುವುದೋ ಇಲ್ಲವೋ ಎಂಬುದು ಬಿಚ್ಚಿದವನ ಶಿಸ್ತಿಗೆ ಬಿಟ್ಟದ್ದು. ಆ ಶಿಸ್ತು ಹುಟ್ಟುವುದು ತರಬೇತಿಯಲ್ಲಿ. ಸರಿಯಾಗಿ ಕಲಿತ ಮೆಕ್ಯಾನಿಕ್ ಒಂದು ತಾಲ್ಲೂಕಿನ ಯಂತ್ರಗಳನ್ನಷ್ಟೇ ಅಲ್ಲ, ಆ ತಾಲ್ಲೂಕಿನ ಕೈಕಾಲುಗಳನ್ನೂ ಕಾಯುತ್ತಾನೆ.

ಕಲಿಸುವ ಏರ್ಪಾಡು ಇಲ್ಲವೆನ್ನುವಂತಿಲ್ಲ. ದೇಶದ ಕುಶಲಕರ್ಮಿ ತರಬೇತಿ ಯೋಜನೆ 1950ರಷ್ಟು ಹಳೆಯದು. ಅದರ ಪಟ್ಟಿಯಲ್ಲಿ ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ ಕೋರ್ಸು, ಟ್ರ್ಯಾಕ್ಟರ್ ಮೆಕ್ಯಾನಿಕ್ ಒಂದು ವರ್ಷದ್ದು, ಕೃಷಿ ಯಂತ್ರೋಪಕರಣ ಮೆಕ್ಯಾನಿಕ್ ಎರಡು ವರ್ಷದ್ದು. ಪಠ್ಯಕ್ರಮ ವರ್ಷಕ್ಕೆ 1,200 ಗಂಟೆ ಕೇಳುತ್ತದೆ. ಅದರಲ್ಲಿ 840 ಗಂಟೆ ಕೈಕೆಲಸಕ್ಕೇ ಮೀಸಲು. ಕಾಗದದ ಮೇಲೆ ಇದಕ್ಕಿಂತ ಚೆನ್ನಾದದ್ದು ಬೇಡ. ಆದರೆ ಸೀಟುಗಳ ರಾಶಿ ಬಿದ್ದಿರುವುದು ಎಲೆಕ್ಟ್ರಿಷಿಯನ್, ಫಿಟ್ಟರ್ ಕಡೆಗೆ. ಕೃಷಿ ಯಂತ್ರದ ಕೋರ್ಸು ಪಟ್ಟಿಯ ಮೂಲೆಯಲ್ಲಿದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 4,600 ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ಮೇಲ್ದರ್ಜೆಗೆ ಏರಿಸಿ, 2022ರ ಜೂನ್‌ನಲ್ಲಿ ಪ್ರಧಾನಿಯಿಂದ ಲೋಕಾರ್ಪಣೆ ಮಾಡಿಸಲಾಯಿತು. ಅಲ್ಲಿ ಮುಂಚೂಣಿಗೆ ಬಂದದ್ದು ರೋಬೋಟಿಕ್ಸ್, ಸಿಎನ್‌ಸಿ, ಎಲೆಕ್ಟ್ರಿಕ್ ವಾಹನ. ಅವೂ ಬೇಕು. ಆದರೆ ನಂಜನಗೂಡಿನ ಹುಡುಗ ಐಟಿಐ ಗೇಟು ದಾಟಿ ಹೊರಬಂದಾಗ ಅವನ ಅಪ್ಪನ ಹೊಲದಲ್ಲಿ ನಿಂತಿರುವುದು ರೋಬೋಟ್ ಅಲ್ಲ.

ಮೈಸೂರು ನಗರ ಇದರಲ್ಲಿ ಕೈಲಾಗದ ಮಾತನ್ನು ಆಡುವಂತಿಲ್ಲ. ಕೈಕೆಲಸ ಕಲಿಸುವುದರಲ್ಲಿ ಈ ಊರಿಗೆ ಒಂದು ಶತಮಾನದ ಹೆಸರಿದೆ. ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ಶಂಕುಸ್ಥಾಪನೆಯಾದದ್ದು 1906ರಲ್ಲಿ. ಅಶೋಕಪುರಂನ ರೈಲ್ವೆ ವರ್ಕ್‌ಶಾಪ್ 1924ರದ್ದು. ಅಪ್ರೆಂಟಿಸ್ ಆಗಿ ಒಳಹೋಗಿ ಕಸುಬುದಾರರಾಗಿ ಹೊರಬಂದ ತಲೆಮಾರುಗಳು ಅಲ್ಲಿವೆ. ಬೆಮೆಲ್‌ನ ಮೈಸೂರು ಸಂಕೀರ್ಣದಲ್ಲಿ ಟ್ರಕ್ ವಿಭಾಗದ ಜೊತೆಗೆ ಎಂಜಿನ್ ವಿಭಾಗವೇ ಇದೆ. ಹೂಟಗಳ್ಳಿಯಲ್ಲಿ ಆಕ್ಸಲ್ ತಯಾರಾಗುತ್ತದೆ, ಬನ್ನಿಮಂಟಪದಲ್ಲಿ ಸಾರಿಗೆ ಸಂಸ್ಥೆಯ ಡೀಸೆಲ್ ಬಸ್ಸುಗಳು ದುರಸ್ತಿಯಾಗುತ್ತವೆ. ಇನ್ಫೊಸಿಸ್‌ನ ಕ್ಯಾಂಪಸ್ಸಿನಲ್ಲಿ ಒಂದೇ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಸಾಫ್ಟ್‌ವೇರ್ ಕಲಿಸುವ ವ್ಯವಸ್ಥೆ ಇದೆ, ಅದನ್ನು ಬಂದ ಅತಿಥಿಗಳಿಗೆಲ್ಲ ನಗರ ತೋರಿಸುತ್ತದೆ. ಇಷ್ಟೆಲ್ಲ ಇರುವ ಊರಿಗೆ, ಸುತ್ತಲಿನ ತಾಲ್ಲೂಕುಗಳ ಟ್ರ್ಯಾಕ್ಟರ್ ನೋಡಿಕೊಳ್ಳುವ ಹುಡುಗರನ್ನು ತಯಾರಿಸುವ ಒಂದು ಶಾಲೆಯನ್ನು ಅದೇ ಅಭಿಮಾನದಿಂದ ತೋರಿಸಲು ಬರುವುದಿಲ್ಲ ಎಂದರೆ, ಕೊರತೆ ಹಣದ್ದೂ ಅಲ್ಲ, ಜಾಗದ್ದೂ ಅಲ್ಲ.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಕಲಿಸುವ ಪಾಠವನ್ನು ಈ ನಗರ ಇನ್ನಾದರೂ ಓದಬೇಕು. 1961ರಲ್ಲಿ ಬೈಕು ಹೊರತರಲು ಆರಂಭಿಸಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಜಾವಾ, ಯೆಜ್ಡಿ ಹಳೆಯ ಬೈಕುಗಳು ಮಾತ್ರ ಇವತ್ತಿಗೂ ಓಡುತ್ತಿವೆ. ಅವನ್ನು ದಶಕಗಳ ಕಾಲ ರಸ್ತೆಯಲ್ಲಿ ಉಳಿಸಿದ್ದು ಕಂಪನಿಯ ಸರ್ವಿಸ್ ಸೆಂಟರ್ ಅಲ್ಲ; ಆ ಎಂಜಿನ್ನಿನ ಒಳಹೊರಗು ಬಲ್ಲ ಮೆಕ್ಯಾನಿಕ್‌ಗಳು. ಕಂಪನಿ ಹೋದ ಮೇಲೂ ಯಂತ್ರ ಬದುಕುತ್ತದೆ, ಬಲ್ಲವರು ಇದ್ದರೆ. ಬಲ್ಲವರು ಇಲ್ಲದಿದ್ದರೆ ಕಂಪನಿ ಇರುವಾಗಲೇ ಯಂತ್ರ ಸಾಯುತ್ತದೆ. ಸಹಾಯಧನದಲ್ಲಿ ಕೊಂಡ ಎಷ್ಟು ನಾಟಿ ಯಂತ್ರ, ಎಷ್ಟು ಕಳೆ ಯಂತ್ರಗಳು ಹಟ್ಟಿಯ ಮೂಲೆ ಸೇರಿವೆ ಎಂಬುದನ್ನು ಕೃಷಿ ಇಲಾಖೆ ಒಮ್ಮೆ ಮನೆಮನೆಗೆ ಹೋಗಿ ಎಣಿಸಲಿ. ಎಣಿಸಿದ ಲೆಕ್ಕವನ್ನು ಜನರ ಮುಂದೆ ಇಡಲಿ.

ಹೊಣೆಗೇಡಿತನದಲ್ಲಿ ಕಂಪನಿಗಳ ಪಾಲು ಕಡಿಮೆಯಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ತಿದ್ದಿದ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಜನರಿರುವ ಕಡೆ ಅದು ಅವರ ಇಚ್ಛೆ. ಟ್ರ್ಯಾಕ್ಟರ್ ಡೀಲರುಗಳಲ್ಲಿ ಅನೇಕರ ವರ್ಕ್‌ಶಾಪುಗಳು ಈ ಎರಡನೆಯ ಸಾಲಿಗೇ ಸೇರುವಂಥವು. ಹೀಗಾಗಿ ಕೃಷಿ ಯಂತ್ರದ ಕಸುಬನ್ನು ಕಲಿಯಲು ಯಾವ ಜಾಗ ಎಲ್ಲಕ್ಕಿಂತ ಯೋಗ್ಯವೋ, ಕಾನೂನು ಆ ಜಾಗದ ಬಾಗಿಲ ಮುಂದೆಯೇ ನಿಂತುಬಿಟ್ಟಿದೆ. ಐಟಿಐ ಮುಗಿಸಿದ ಅಪ್ರೆಂಟಿಸ್‌ಗೆ ಅದೇ ನಿಯಮ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ, ಅದರಲ್ಲಿ 1,500 ರೂಪಾಯಿವರೆಗೆ ಕೇಂದ್ರವೇ ತುಂಬಿಕೊಡುವ ಯೋಜನೆ ಇದೆ. ಸಹಾಯಧನದ ಯಂತ್ರಗಳನ್ನು ಸಾಲುಸಾಲಾಗಿ ಮಾರಿ ಲಾಭ ಮಾಡಿಕೊಳ್ಳುವವರಿಗೆ ಉಳಿದ ಹಣ ಭಾರವೆನ್ನುವ ಮಾತನ್ನು ಒಪ್ಪಲಾಗದು.

ಕಂಪನಿಗಳ ಇನ್ನೊಂದು ತಪ್ಪು ಬೀಗ ಹಾಕುವುದು. ದುರಸ್ತಿ ಕೈಪಿಡಿ ಹೊರಗಿನವರಿಗೆ ಸಿಗುವುದಿಲ್ಲ, ಸಿಕ್ಕರೆ ಇಂಗ್ಲಿಷಿನಲ್ಲಿರುತ್ತದೆ. ಸ್ಕ್ಯಾನರಿನ ಸಾಫ್ಟ್‌ವೇರ್ ಡೀಲರನ ಕಪಾಟಿನಲ್ಲಿರುತ್ತದೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳದ್ದೂ ಒಂದು. ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ ಬಂತು. ಕಂಪನಿಯನ್ನು ಕಟ್ಟಿಹಾಕುವ ಕಾನೂನು ಬರಲಿಲ್ಲ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ರೈತರ ಯಂತ್ರ ದುರಸ್ತಿ ಹಕ್ಕನ್ನು ಕಾನೂನು ಮಾಡಿ 2024ರ ಜನವರಿಯಿಂದ ಜಾರಿಗೆ ತಂದಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ದುರಸ್ತಿಯ ಮೇಲೆ ಹಿಡಿತ ಸಾಧಿಸಿದ ಆರೋಪದ ಮೇಲೆ ಜಾನ್ ಡಿಯರ್ ಕಂಪನಿಯನ್ನು ಕೋರ್ಟಿಗೆ ಎಳೆಯಿತು. ಸಾವಿರಾರು ಎಕರೆಯ ಒಡೆಯರೇ ಅಲ್ಲಿ ಈ ಬೀಗಕ್ಕೆ ಬೆವರಿದ್ದಾರೆ. ಎರಡು ಎಕರೆಯ ನಮ್ಮ ರೈತನ ಪಾಡು ಊಹಿಸಿಕೊಳ್ಳಬಹುದು. ಕೈಪಿಡಿ ಸಿಗದ ಮೆಕ್ಯಾನಿಕ್‌ಗೆ ಎಷ್ಟು ತರಬೇತಿ ಕೊಟ್ಟರೂ ಅದು ಅರ್ಧವೇ.

ನಮ್ಮ ಎದುರು ಬರುವ ವಾದಗಳು ಹಲವು. ಹುಡುಗರೇ ಬರುವುದಿಲ್ಲ, ಎಲ್ಲರಿಗೂ ಎಸಿ ಕೋಣೆಯ ಕೆಲಸ ಬೇಕು ಎನ್ನುವುದು ಮೊದಲನೆಯದು. ಹುಡುಗರು ಬರಬೇಕಾದರೆ ಕಸುಬಿಗೆ ಮರ್ಯಾದೆಯೂ ಮುಂದಿನ ದಾರಿಯೂ ಇರಬೇಕು. ಜರ್ಮನಿಯಲ್ಲಿ ಕೃಷಿ ಯಂತ್ರಗಳ ಮೆಕ್ಯಾನಿಕ್ ಆಗಲು ಮೂರೂವರೆ ವರ್ಷದ ತರಬೇತಿ. ವರ್ಕ್‌ಶಾಪಿನಲ್ಲಿ ಸಂಬಳ ಪಡೆಯುತ್ತ ಕಲಿಕೆ, ಜೊತೆಗೆ ಶಾಲೆ, ಆಮೇಲೆ ಮಾಸ್ಟರ್ ಪರೀಕ್ಷೆ ಪಾಸು ಮಾಡಿ ಸ್ವಂತ ವರ್ಕ್‌ಶಾಪ್. ಅಲ್ಲಿ ಎಣ್ಣೆ ಮೆತ್ತಿದ ಕೈಗೆ ಪದವಿಯ ಗೌರವವಿದೆ. ಇಲ್ಲಿ ಹತ್ತನೇ ತರಗತಿಯಲ್ಲಿ ಅಂಕ ಕಡಿಮೆ ಬಂದವನನ್ನು ಐಟಿಐಗೆ 'ತಳ್ಳುತ್ತೇವೆ'. ಆಯುಧಪೂಜೆಯ ದಿನ ಟ್ರ್ಯಾಕ್ಟರಿಗೆ ಹೂವಿನ ಹಾರ ಹಾಕುವ ಮನೆಯೇ ಮೆಕ್ಯಾನಿಕ್ಕಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತದೆ. ಇದನ್ನು ಸರ್ಕಾರವೊಂದೇ ಸರಿಮಾಡಲಾರದು. ಆದರೆ ಕಳಪೆ ಶೆಡ್ಡು, ಓಡದ ಎಂಜಿನ್, ಖಾಲಿ ಬೋಧಕ ಹುದ್ದೆಗಳ ಕಡೆಗೆ ಹುಡುಗರನ್ನು ಕರೆದು, ಅವರು ಬರಲಿಲ್ಲವೆಂದು ದೂರುವ ಹಕ್ಕು ಯಾರಿಗೂ ಇಲ್ಲ. ಹೆಣ್ಣುಮಕ್ಕಳನ್ನು ಕರೆಯುವ ಯೋಚನೆಯನ್ನಂತೂ ಮಾಡಿಯೇ ಇಲ್ಲ. ನಾಝಲ್ ಪರೀಕ್ಷೆಗೂ ಪಂಪು ಕ್ಯಾಲಿಬ್ರೇಷನ್‌ಗೂ ಬೇಕಾದದ್ದು ತೋಳ್ಬಲವಲ್ಲ, ಎಚ್ಚರದ ಬೆರಳು.

ಎರಡನೆಯ ವಾದ, ಡೀಸೆಲ್ ಯುಗ ಮುಗಿಯುತ್ತ ಬಂತು, ಬ್ಯಾಟರಿ ಟ್ರ್ಯಾಕ್ಟರ್ ಬರುತ್ತಿದೆ ಎಂಬುದು. ಇವತ್ತು ಕೊಂಡ ಟ್ರ್ಯಾಕ್ಟರ್ ಹದಿನೈದು ಇಪ್ಪತ್ತು ವರ್ಷ ಹೊಲದಲ್ಲಿರುತ್ತದೆ. ಬ್ಯಾಟರಿಯದೇ ಬಂದರೂ ಗೇರ್ ಬಾಕ್ಸ್, ಹೈಡ್ರಾಲಿಕ್ ಲಿಫ್ಟ್, ಪಿಟಿಒ, ರೋಟವೇಟರಿನ ಬ್ಲೇಡು ಹೋಗುವುದಿಲ್ಲ. ಮೂಲಪಾಠ ಗಟ್ಟಿಯಿದ್ದ ಮೆಕ್ಯಾನಿಕ್ ಮೋಟಾರನ್ನೂ ಕಲಿಯುತ್ತಾನೆ. ಏನೂ ಕಲಿಯದವನು ಎರಡೂ ಕಾಲಕ್ಕೆ ಹೊರಗುಳಿಯುತ್ತಾನೆ. ಮೂರನೆಯ ವಾದ, ಕೇಂದ್ರದ ತರಬೇತಿ ಸಂಸ್ಥೆಗಳಿವೆಯಲ್ಲ ಎಂಬುದು. ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳು ದೇಶದಲ್ಲಿ ನಾಲ್ಕು. ಮಧ್ಯಪ್ರದೇಶದ ಬುದ್ನಿಯದು 1955ರದ್ದು. ದಕ್ಷಿಣಕ್ಕೆ ಇರುವುದು ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ, 1983ರಿಂದ. ಮೈಸೂರಿನಿಂದ ಅದು ಮುನ್ನೂರು ಕಿಲೋಮೀಟರಿಗೂ ಆಚೆ. ಕರ್ನಾಟಕದಲ್ಲಿ ಒಂದೂ ಇಲ್ಲ. ರಾಯಚೂರಿನ ಕೃಷಿ ಎಂಜಿನಿಯರಿಂಗ್ ಕಾಲೇಜಿನಿಂದಲೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಿಂದಲೂ ಬಿ.ಟೆಕ್ ಪದವೀಧರರು ಬರುತ್ತಾರೆ. ಅವರು ಯಂತ್ರ ವಿನ್ಯಾಸ ಮಾಡಲಿ, ಸಂಶೋಧನೆ ಮಾಡಲಿ. ಗದ್ದೆಯಲ್ಲಿ ಮಲಗಿ ಕ್ಲಚ್ ಪ್ಲೇಟ್ ಬದಲಿಸುವ ಕೆಲಸಕ್ಕೆ ಬೇರೆಯದೇ ಶಾಲೆ ಬೇಕು.

ತಿಂಗಳೆರಡು ತಿಂಗಳ ಕೋರ್ಸುಗಳು ಈ ಕೊರತೆ ತುಂಬಿಯಾವು ಎಂಬ ಭ್ರಮೆಯೂ ಬೇಡ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯ ಕಿರು ಅವಧಿಯ ತರಬೇತಿಯಲ್ಲಿ ಟ್ರ್ಯಾಕ್ಟರ್ ಓಡಿಸಲು ಕಲಿಯಬಹುದು. ಎಂಜಿನ್ ಬಿಚ್ಚಿ, ಬೇರಿಂಗಿನ ಸಂದು ಅಳೆದು, ಟಾರ್ಕ್ ಲೆಕ್ಕ ಹಾಕಿ ಬಿಗಿದು, ಮತ್ತೆ ಸ್ಟಾರ್ಟ್ ಮಾಡಿ ರೈತನ ಕೈಗೆ ಕೊಡುವ ಧೈರ್ಯ ಅಷ್ಟರಲ್ಲಿ ಬರುವುದಿಲ್ಲ. ಪ್ರಮಾಣಪತ್ರದ ಫೋಟೊ ತೆಗೆಸಿಕೊಳ್ಳಲು ಆ ಅವಧಿ ಸಾಕು, ಕಸುಬಿಗೆ ಸಾಲದು.

ಸರ್ಕಾರ ಮನಸ್ಸು ಮಾಡಿದರೆ ಯಂತ್ರದ ಜೊತೆಗೇ ತರಬೇತಿಯನ್ನೂ ಕಟ್ಟಿಕೊಡಬಲ್ಲದು ಎಂಬುದಕ್ಕೆ ಅದರದೇ ಸಾಕ್ಷಿಯಿದೆ. 2023ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಡ್ರೋನ್ ಕೊಡುವ ಗುರಿ. ಶೇ 80ರಷ್ಟು, ಗರಿಷ್ಠ ಎಂಟು ಲಕ್ಷ ರೂಪಾಯಿ ನೆರವು. ಅದರೊಳಗೇ ಡ್ರೋನ್ ಹಾರಿಸುವವಳಿಗೆ ಹದಿನೈದು ದಿನದ ತರಬೇತಿ ಇದೆ. ವಿದ್ಯುತ್ ಉಪಕರಣ, ಫಿಟ್ಟಿಂಗ್, ಮೆಕ್ಯಾನಿಕಲ್ ಕೆಲಸದಲ್ಲಿ ಒಲವಿರುವ ಇನ್ನೊಬ್ಬರಿಗೆ ಸಹಾಯಕರ ತರಬೇತಿಯೂ ಇದೆ. ಆಕಾಶದಲ್ಲಿ ಹಾರುವ ಯಂತ್ರಕ್ಕೆ ಹೊಳೆದ ಈ ಬುದ್ಧಿ ನೆಲದ ಮೇಲೆ ಉಳುವ ಯಂತ್ರಕ್ಕೆ ಏಕೆ ಹೊಳೆಯಲಿಲ್ಲ? ಡ್ರೋನಿಗೆ ಸಾಧ್ಯವಾದದ್ದು ಟ್ರ್ಯಾಕ್ಟರಿಗೆ ಸಾಧ್ಯವಿಲ್ಲವೆಂದು ಯಾವ ಅಧಿಕಾರಿ ಹೇಳಿದರೂ ಅದು ಸುಳ್ಳು.

ಹೀಗಿರುವಾಗ ಆಗಬೇಕಾದ ಕೆಲಸಗಳನ್ನು ಹೆಸರಿಟ್ಟು, ಹೊಣೆ ಹೊರಿಸಿ ಹೇಳುತ್ತೇವೆ.

ಮೊದಲನೆಯದು ಕೌಶಲ್ಯಾಭಿವೃದ್ಧಿ ಇಲಾಖೆಗೆ. ಮೈಸೂರಿನ ಸರ್ಕಾರಿ ಐಟಿಐ ಒಂದನ್ನು ಆರಿಸಿ, ಅಲ್ಲಿ ಎರಡು ವರ್ಷದ ಕೃಷಿ ಯಂತ್ರೋಪಕರಣ ಮೆಕ್ಯಾನಿಕ್ ಕೋರ್ಸನ್ನು ಈ ಭಾಗದ ಎಲ್ಲ ಜಿಲ್ಲೆಗಳಿಗೆ ಮಾದರಿಯಾಗಿ ಕಟ್ಟಬೇಕು. ಓಡುವ ಟ್ರ್ಯಾಕ್ಟರ್, ಟಿಲ್ಲರ್, ನಾಟಿ ಯಂತ್ರ, ಕಟಾವು ಯಂತ್ರ, ಬಿಚ್ಚಿ ಜೋಡಿಸಲು ಒಂದು ಕಾಮನ್ ರೈಲ್ ಎಂಜಿನ್, ಸ್ಕ್ಯಾನರ್, ನಾಝಲ್ ಟೆಸ್ಟರ್ ಇಷ್ಟೂ ಇರಬೇಕು. ಬೋಧಕ ಹುದ್ದೆ ಒಂದು ದಿನವೂ ಖಾಲಿ ಬೀಳಬಾರದು. ಪ್ರದರ್ಶನಕ್ಕೆ ಬಣ್ಣ ಬಳಿದು ನಿಲ್ಲಿಸಿದ ಸತ್ತ ಎಂಜಿನ್ ತರಬೇತಿ ಕೊಡುವುದಿಲ್ಲ.

ಎರಡನೆಯದು ಕೃಷಿ ಇಲಾಖೆಗೆ. ಯಂತ್ರ ಸಹಾಯಧನದ ಪ್ರತಿ ನೂರು ರೂಪಾಯಿಯಲ್ಲಿ ಎರಡು ರೂಪಾಯಿ ಮೆಕ್ಯಾನಿಕ್ ತರಬೇತಿಗೆ ಕಡ್ಡಾಯವಾಗಿ ಹೋಗಬೇಕು. ಸಹಾಯಧನದ ಪಟ್ಟಿಯಲ್ಲಿ ಹೆಸರು ಬೇಕಾದ ಡೀಲರ್, ತನ್ನಲ್ಲಿ ಎಷ್ಟೇ ಕಡಿಮೆ ಸಿಬ್ಬಂದಿಯಿರಲಿ, ಕನಿಷ್ಠ ಇಬ್ಬರು ಅಪ್ರೆಂಟಿಸ್‌ಗಳನ್ನು ಇಟ್ಟುಕೊಂಡಿರಬೇಕು. ಯಂತ್ರಧಾರೆ ಕೇಂದ್ರ ನಡೆಸುವ ಸಂಸ್ಥೆಗೂ ಕಟಾವು ಯಂತ್ರಗಳ ಹಬ್‌ಗೂ ಅದೇ ಷರತ್ತು. ಕಂಪನಿ ದುರಸ್ತಿ ಕೈಪಿಡಿಯನ್ನು ಕನ್ನಡದಲ್ಲಿ ಕೊಡದಿದ್ದರೆ, ಬಿಡಿಭಾಗಗಳ ದರಪಟ್ಟಿಯನ್ನು ರೈತ ಸಂಪರ್ಕ ಕೇಂದ್ರದ ಗೋಡೆಗೆ ಹಚ್ಚದಿದ್ದರೆ, ಆ ಕಂಪನಿಯ ಯಂತ್ರಕ್ಕೆ ಸಹಾಯಧನ ಇಲ್ಲ. ಇದಕ್ಕೆ ದೆಹಲಿಯ ಕಾನೂನಿಗೆ ಕಾಯಬೇಕಾಗಿಲ್ಲ. ತನ್ನ ಹಣಕ್ಕೆ ಷರತ್ತು ಹಾಕಲು ರಾಜ್ಯಕ್ಕೆ ಯಾರ ಅಪ್ಪಣೆಯೂ ಬೇಡ.

ಮೂರನೆಯದು ಎರಡೂ ಇಲಾಖೆಗಳಿಗೆ ಸೇರಿ. ಐಟಿಐಯ ವೇಳಾಪಟ್ಟಿ ಸುಗ್ಗಿಗೆ ಹೊಂದಿಕೊಳ್ಳಬೇಕು. ನಾಟಿಯ ತಿಂಗಳಲ್ಲೂ ಕಟಾವಿನ ಡಿಸೆಂಬರ್–ಜನವರಿಯಲ್ಲೂ ಎರಡನೇ ವರ್ಷದ ವಿದ್ಯಾರ್ಥಿಗಳು ಬೋಧಕರ ಜೊತೆ ತಾಲ್ಲೂಕಿನ ಯಂತ್ರ ಕೇಂದ್ರಗಳಲ್ಲಿರಬೇಕು, ದುಡಿದ ದಿನಕ್ಕೆ ಭತ್ಯೆ ಪಡೆಯಬೇಕು. ಪಠ್ಯ ಕೇಳುವ 840 ಗಂಟೆಯ ಕೈಕೆಲಸಕ್ಕೆ ಅದಕ್ಕಿಂತ ಒಳ್ಳೆಯ ವರ್ಕ್‌ಶಾಪ್ ಇನ್ನೊಂದಿಲ್ಲ. ಅನುಭವಿ ಗ್ಯಾರೇಜ್ ಮಿಸ್ತ್ರಿಗಳಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡಬೇಕು, ಹೊಸ ಎಂಜಿನ್ನಿನ ಪಾಠ ಹೇಳಬೇಕು, ಅವರಲ್ಲಿ ಕಲಿಸಬಲ್ಲವರನ್ನು ಅತಿಥಿ ಬೋಧಕರಾಗಿ ಕರೆಯಬೇಕು. ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ ಎಂಬ ಕಾರಣಕ್ಕೆ ಮೂವತ್ತು ವರ್ಷ ಎಂಜಿನ್ ಬಿಚ್ಚಿದವನನ್ನು ಗೇಟಿನಾಚೆ ನಿಲ್ಲಿಸುವ ನಿಯಮ ಯಾವ ಪುಸ್ತಕದಲ್ಲಿದ್ದರೂ ಅದನ್ನು ತಿದ್ದಬೇಕು. ಕೋರ್ಸು ಮುಗಿಸಿ ಹಳ್ಳಿಯಲ್ಲಿ ವರ್ಕ್‌ಶಾಪ್ ಹಾಕುವವರಿಗೆ ಸಲಕರಣೆಯ ಪೆಟ್ಟಿಗೆಗೂ ಸಾಲಕ್ಕೂ ರಾಜ್ಯವೇ ದಾರಿ ಮಾಡಬೇಕು. ಪಿಎಂ ವಿಶ್ವಕರ್ಮದ ಪಟ್ಟಿಗೆ ಈ ಕಸುಬನ್ನು ಸೇರಿಸುವಂತೆ ಕೇಂದ್ರಕ್ಕೆ ಬರೆಯಬೇಕು. ಮೈಸೂರು ಸೀಮೆಯ ಸಂಸದರು, ಶಾಸಕರು ಸಂಸತ್ತಿನಲ್ಲಿ, ಸದನದಲ್ಲಿ ಈ ಪ್ರಶ್ನೆಯನ್ನು ಎತ್ತಿ ಉತ್ತರ ತರಬೇಕು.

ಪ್ರತಿ ವರ್ಷ ರೈತ ದಸರಾದಲ್ಲಿ ಹೊಸ ಯಂತ್ರಗಳ ಮುಂದೆ ನಿಂತು ಮಂತ್ರಿಗಳು ಯಾಂತ್ರೀಕರಣದ ಭಾಷಣ ಮಾಡುತ್ತಾರೆ. ಮುಂದಿನ ಬಾರಿ ಭಾಷಣಕ್ಕೆ ಮುಂಚೆ ಮೂರು ಅಂಕಿ ಓದಿ ಹೇಳಲಿ: ಜಿಲ್ಲೆಯಲ್ಲಿ ಸಹಾಯಧನದಲ್ಲಿ ಕೊಟ್ಟ ಯಂತ್ರಗಳೆಷ್ಟು, ಇವತ್ತು ಅವುಗಳಲ್ಲಿ ಓಡುತ್ತಿರುವುದು ಎಷ್ಟು, ಆ ವರ್ಷ ತರಬೇತಿ ಮುಗಿಸಿ ಹೊರಬಂದ ಕೃಷಿ ಯಂತ್ರ ಮೆಕ್ಯಾನಿಕ್‌ಗಳೆಷ್ಟು. ಮೊದಲನೆಯದು ಇಲಾಖೆಯ ಬಾಯಲ್ಲೇ ಇರುತ್ತದೆ. ಉಳಿದೆರಡು ಹೇಳಲಾಗದಿದ್ದರೆ, ಆ ಎರಡು ಅಂಕಿ ಜನರ ಮುಂದೆ ಬರುವವರೆಗೆ ಹೊಸ ಯಂತ್ರಗಳ ಖರೀದಿಯ ಕಡತಕ್ಕೆ ಜಿಲ್ಲಾ ಆಡಳಿತ ಸಹಿ ಹಾಕಬಾರದು.